ತಳದ ಒಂದು ಹಿಡಿ

ನನ್ನ ಅಂಗಡಿಯಲ್ಲಿ ಪಂಚರಾದ ಟ್ಯೂಬಿಗೆ ಸಲೂಷನ್ ಅಂಟು ಸವರಲು ನಾನು ಬಳಸುವ ಸಾಮಾನು ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಈ ಕಸುಬಿನ ಬೇರೆಯವರು ಬೆರಳಿನಿಂದಲೇ ಸವರುತ್ತಾರೆ, ಕೆಲವರು ಹಳೆಯ ಗರಗಸದ ತುಂಡು ಇಟ್ಟುಕೊಂಡಿರುತ್ತಾರೆ. ನನ್ನದು ಒಂದು ಕ್ರೆಡಿಟ್ ಕಾರ್ಡು. ಅವಧಿ ಮುಗಿದದ್ದು ಅನ್ನಿ. ಒಂದು ಕಾಲಕ್ಕೆ ಬಂಗಾರದ ಬಣ್ಣ ಇತ್ತು. ಈಗ ರಬ್ಬರಿನ ಕರಿ ಹತ್ತಿ ಎಮ್ಮೆಯ ಕೊಂಬಿನ ಹಾಗಾಗಿದೆ. ಉಬ್ಬಿದ ಅಕ್ಷರಗಳಲ್ಲಿ ನನ್ನ ಹೆಸರಿನ ಮೊದಲರ್ಧ ಇನ್ನೂ ಓದಲು ಬರುತ್ತದೆ. ಇಷ್ಟು ಹದವಾಗಿ ಬಾಗುವ, ಇಷ್ಟು ತೆಳ್ಳಗೆ ಸವರುವ ವಸ್ತು ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ಡಬ್ಬಿಯ ತಳಕ್ಕೆ ಅಂಟಿದ್ದನ್ನೂ ಪೂರಾ ಬಳಿದು ತೆಗೆಯುತ್ತದೆ.

ಮೊನ್ನೆ ಒಬ್ಬ ಲಾರಿ ಡ್ರೈವರ್ ಬಹಳ ಹೊತ್ತು ನೋಡಿ ಕೇಳಿದ: "ಏನ್ರಿ ಸಾವ್ಕಾರ, ಬ್ಯಾಂಕಿಗೇ ಪಂಚರ್ ಹಾಕಾಕತ್ತೀರೇನು?"

ನಾನೂ ನಕ್ಕೆ. ನಗದೆ ಮತ್ತೇನು ಮಾಡಲಿ? ಆ ಕಾರ್ಡಿನ ಮೇಲಿನ ಹೆಸರು ನನ್ನದು, ಆದರೆ ಮೊದಲ ದಿನದಿಂದಲೂ ಅದು ನನ್ನ ಮನಸ್ಸಿನಲ್ಲಿ ನೀಲಕ್ಕನದು.

ನೀಲಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಅಪ್ಪ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಅವ್ವ ಹೋದಾಗ ನನಗೆ ನಾಲ್ಕು ವರ್ಷ. ಹದಿನಾಲ್ಕು ವರ್ಷದ ಹುಡುಗಿ ಅವ್ವನ ಸೀರೆಯನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿಕೊಂಡು ಒಲೆಯ ಮುಂದೆ ಕೂತಳು, ರೊಟ್ಟಿ ಬಡಿದಳು, ನನ್ನನ್ನು ಸಾಕಿದಳು.

ಆ ಮನೆಯ ಮೂಲೆಯಲ್ಲಿ ಮಣ್ಣು ಮೆತ್ತಿದ ಒಂದು ಸಣ್ಣ ಕಣಜ ಇತ್ತು. ಜೋಳ ಕೆಳಗಿಳಿದಾಗ ಅಕ್ಕನ ಕೈ ಮುಟ್ಟುತ್ತಿರಲಿಲ್ಲ. ಆಗ ನನ್ನ ರಟ್ಟೆ ಹಿಡಿದು ನನ್ನನ್ನೇ ಕಣಜದೊಳಗೆ ಇಳಿಸುತ್ತಿದ್ದಳು. ಒಳಗೆ ತಂಪು, ಕತ್ತಲು, ಬೇವಿನ ಎಲೆಯ ಕಹಿ ವಾಸನೆ. ನಾನು ಬೊಗಸೆಯಿಂದ ಜೋಳ ತುಂಬಿ ಬುಟ್ಟಿ ಮೇಲೆ ಕೊಡಬೇಕು. ಮೇಲಿನಿಂದ ಅವಳ ಧ್ವನಿ ಬರುತ್ತಿತ್ತು: "ಬಳದು ತಗಿಬ್ಯಾಡ ರೇವ್ಯಾ. ತಳಕ್ಕ ಒಂದ ಹಿಡಿ ಬಿಡು."

"ಯಾಕ?"

"ಬಿಡು ಅಂದ್ರ ಬಿಡು. ಮುಂದ ಬರೋ ಜ್ವಾಳಕ್ಕ ಮನಿ ಗುರ್ತ ಹತ್ತಬೇಕಲ್ಲ."

ಜೋಳ ಮುಗಿಯಿತು ಎಂಬ ಮಾತನ್ನೂ ಆಡುವಂತಿರಲಿಲ್ಲ. ನೆಲ ಕಾಣುತ್ತಿರುವ ಕಣಜ ನೋಡಿ "ಜ್ವಾಳ ಹೆಚ್ಚಾಗ್ಯಾವ" ಅನ್ನಬೇಕು. ಒಮ್ಮೆ ನಾನು ಹಸಿವಿನ ಭರದಲ್ಲಿ ತಳದ ಹಿಡಿಯನ್ನೂ ಬಳಿದು ಬುಟ್ಟಿಗೆ ಹಾಕಿದೆ. ಅಕ್ಕ ಬೈಯಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ತೆಗೆದು ಕಣಜಕ್ಕೆ ವಾಪಸು ಹಾಕಿದಳು. ಅವತ್ತು ಅಪ್ಪನಿಗೆ ಎರಡು ರೊಟ್ಟಿ, ನನಗೆ ಎರಡು, ಅವಳಿಗೆ ಅರ್ಧ. ಆ ಅರ್ಧ ರೊಟ್ಟಿ ನನಗೆ ಯಾವ ಸಾಲಿಯ ಪಾಠಕ್ಕಿಂತಲೂ ಚೆನ್ನಾಗಿ ನೆನಪಿದೆ. ಸಾಲಿಯ ಪಾಠ ಬಹಳ ಇರಲೂ ಇಲ್ಲ, ಆ ಮಾತು ಬೇರೆ.

ಇನ್ನೊಂದು ನೆನಪು ಆಕಾಶದ್ದು. ನಮ್ಮ ಸೀಮೆಯವರಿಗೆ ವಿಮಾನ ಹೊಸದಲ್ಲ. ಬೀದರಿನಲ್ಲಿ ವಿಮಾನ ಓಡಿಸಲು ಕಲಿಯುವ ಹುಡುಗರು ದಿನಾ ನಮ್ಮ ತಲೆಯ ಮೇಲೆ ಗುಂಯ್ ಎಂದು ಹೋಗುತ್ತಾರೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತ ಕೂತಾಗ ಅಕ್ಕ ಹಣೆಗೆ ಅಂಗೈ ಹಿಡಿದು, ಅದು ಮರೆಯಾಗುವ ತನಕ ನೋಡುತ್ತಿದ್ದಳು.

"ಅದು ಎಲ್ಲಿಗೆ ಹೊಂಟದ ಅಕ್ಕಾ?"

"ಎಲ್ಲಿಗೂ ಇಲ್ಲ. ಸುತ್ತ ಹೊಡದು ಮತ್ತ ಬೀದರಕ್ಕೇ ಹೋಗ್ತದ."

"ಎಲ್ಲಿಗೂ ಹೋಗಲಾರದ್ದು ಯಾಕ ಹಾರಬೇಕು?"

"ಅದರಾಗ ಕುಂತವರಿಗೆ ಕೇಳು. ಕುಂತ ನೋಡಿದ್ರ ಗೊತ್ತಾಗ್ತದ." ಹಪ್ಪಳ ಮಗುಚುತ್ತ, "ಮ್ಯಾಲಿಂದ ನಮ್ಮ ಮನಿ ಹ್ಯಾಂಗ ಕಾಣಸ್ತದೋ ಏನೋ. ಒಮ್ಮೆ ನೋಡಬೇಕ ನೋಡು" ಅನ್ನುತ್ತಿದ್ದಳು.

ಅಕ್ಕನನ್ನು ಹುಮನಾಬಾದಿನ ಹತ್ತಿರದ ದುಬಲಗುಂಡಿಗೆ ಕೊಟ್ಟರು. ಕುರಿ, ನಾಲ್ಕು ಎಕರೆ ಹೊಲ ಇದ್ದ ಮನೆ. ಅಪ್ಪನೂ ಹಿಂದಿನ ವರ್ಷ ಹೋಗಿದ್ದರಿಂದ ಬಾಸಿಂಗದ ಜೊತೆ ನಾನೂ ಹೋದೆ. ಭಾವ ದೇವರಂಥವನು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಅವನ ತಾಯಿ ಒಮ್ಮೆ ನೆರೆಯವಳ ಹತ್ತಿರ ನಗುತ್ತ ಅಂದದ್ದು ನನ್ನ ಕಿವಿಗೆ ಬಿತ್ತು: "ಒಂದ ಸೊಸಿ ತಂದ್ವಿ, ಬೆನ್ನಿಗೆ ಒಂದ ಹೊಟ್ಟಿನೂ ಬಂತು ನೋಡವಾ." ಚಾಷ್ಟಿಯ ಮಾತೇ. ಆದರೂ ಮರುದಿನ ನಾನು ಏಳನೇ ಇಯತ್ತೆಯ ಪಾಟಿಚೀಲವನ್ನು ಗೂಟಕ್ಕೆ ಸಿಕ್ಕಿಸಿ ಹುಮನಾಬಾದಿನ ಬಸ್ಸು ಹತ್ತಿದೆ. ಅಂದಿನಿಂದ ಇಂದಿನವರೆಗೆ ನಾನು ಯಾರ ಮನೆಯ ರೊಟ್ಟಿಯನ್ನೂ ಫುಕಟ್ ತಿಂದಿಲ್ಲ. ಹೆಮ್ಮೆ ಅನ್ನಿ, ಸೊಕ್ಕು ಅನ್ನಿ, ಎರಡಕ್ಕೂ ನಾನು ಓಗೊಡುತ್ತೇನೆ.

ಹೆದ್ದಾರಿಯ ಪಕ್ಕದ ಒಂದು ಪಂಚರ್ ಅಂಗಡಿಯಲ್ಲಿ ಕೆಲಸ ಕಲಿತೆ. ತೊಂಬತ್ತರ ಸುಮಾರಿಗೆ ಸ್ವಂತ ತಗಡಿನ ಶೆಡ್ಡು ಹಾಕಿದೆ, ಆಮೇಲೆ ಹಳೆಯ ಟಾಯರ್ ವ್ಯಾಪಾರ, ಆಮೇಲೆ ಗಾಳಿಯ ಮಷೀನು. ಒಂದು ಕಡೆ ಹೈದರಾಬಾದು, ಇನ್ನೊಂದು ಕಡೆ ಸೊಲ್ಲಾಪುರ, ಪುಣೆ, ಮುಂಬಯಿ. ನಾನು ಗಾಳಿ ತುಂಬಿದ ಗಾಲಿಗಳು ಕಲಕತ್ತೆಯನ್ನೂ ನೋಡಿ ಬಂದಿವೆ. ನಾನು ಮಾತ್ರ ಆ ಕಡೆ ಸೊಲ್ಲಾಪುರ, ಈ ಕಡೆ ಹೈದರಾಬಾದು ದಾಟಿದವನಲ್ಲ. ಬಸ್ಸುಗಳ ಕಿಟಕಿಯಲ್ಲಿ ತಲೆ ಒರಗಿಸಿ ನಿದ್ದೆ ಮಾಡುತ್ತ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಅಷ್ಟು ದೂರ ಹೋಗುವ ಭಾಗ್ಯ ಇದ್ದೂ ಕಣ್ಣು ಮುಚ್ಚುತ್ತಾರಲ್ಲ!

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಟೈ ಕಟ್ಟಿದ ಹುಡುಗನೊಬ್ಬನ ಕಾರು ನನ್ನ ಅಂಗಡಿಯ ಮುಂದೆ ಪಂಚರಾಯಿತು. ಹೈದರಾಬಾದಿನ ಯಾವುದೋ ಬ್ಯಾಂಕಿನವನು. ನಾನು ಗಾಲಿ ಬಿಚ್ಚುವಷ್ಟರಲ್ಲಿ ಅವನು ಒಂದು ಫಾರಂ ಬಿಚ್ಚಿದ. ಎಷ್ಟು ಓದಿದ್ದೀರಿ ಎಂದ. "ಏಳನೇತ್ತಾ, ಅದೂ ಅರ್ಧ" ಅಂದೆ. ಪರವಾಗಿಲ್ಲ, ವ್ಯಾಪಾರ ಇದೆಯಲ್ಲ, ಸಹಿ ಹಾಕಿ ಎಂದ. ಇಪ್ಪತ್ತು ದಿನಕ್ಕೆ ಕಾರ್ಡು ಬಂತು. ಹೆಂಡತಿ ಶಶಿಕಲಾ ಅದನ್ನು ದೇವರ ಜಗುಲಿಯ ಮೇಲಿಟ್ಟು ವಿಭೂತಿ, ಕುಂಕುಮ ಹಚ್ಚಿದಳು. ಮರುದಿನ ಪೆಟ್ರೋಲ್ ಪಂಪಿನಲ್ಲಿ ಮಷೀನು ಅದನ್ನು ಓದಲೇ ಇಲ್ಲ. ಪಂಪಿನ ಕ್ಯಾಶಿಯರ್ ಇಸ್ಮಾಯಿಲ್ ಭಾಯಿ ತನ್ನ ಅಂಗಿಯ ಚುಂಗಿನಿಂದ ಕುಂಕುಮ ಒರೆಸಿ, "ರೇವಣ್ಣ, ಮಷೀನಿಗೆ ಭಕ್ತಿ ಗೊತ್ತಾಗಂಗಿಲ್ರಿ" ಅಂದ.

ಕಾರ್ಡಿನ ಜೊತೆ ಒಂದು ಬಣ್ಣದ ಪುಸ್ತಕವೂ ಬಂದಿತ್ತು. ಖರ್ಚು ಮಾಡಿದಷ್ಟೂ ಪಾಯಿಂಟು, ಕೂಡಿದ ಪಾಯಿಂಟಿಗೆ ಬಹುಮಾನ. ಗೋಡೆ ಗಡಿಯಾರ, ಮಿಕ್ಸರು, ಚಕ್ರದ ಸೂಟಕೇಸು. ಕೊನೆಯ ಪುಟದಲ್ಲಿ ನೀಲಿ ಆಕಾಶ, ಒಂದು ವಿಮಾನ. ಇಬ್ಬರಿಗೆ ಹೈದರಾಬಾದಿನಿಂದ ಮುಂಬಯಿಗೆ ಹೋಗಿ ಬರಲು ನಲವತ್ತು ಸಾವಿರ ಪಾಯಿಂಟು. ಆ ಪುಟ ನೋಡಿದ್ದೇ, ಹಣೆಗೆ ಅಂಗೈ ಹಿಡಿದು ಮಾಳಿಗೆಯ ಮೇಲೆ ಕೂತ ಹುಡುಗಿ ನನ್ನ ಕಣ್ಣ ಮುಂದೆ ಬಂದಳು. ಟಿಕೀಟನ್ನು ದುಡ್ಡು ಕೊಟ್ಟು ತೆಗೆಯುವ ತಾಕತ್ತು ಆಗ ನನಗಿರಲಿಲ್ಲ. ಆದರೆ ಕೂಡಿಸುವುದು ನನಗೆ ಬರುತ್ತಿತ್ತು.

"ನಿಮ್ಮ ಅಕ್ಕಗ ವಿಮಾನ, ನನಗ ಒಂದ ಮಿಕ್ಸರೂ ಇಲ್ಲೇನ್ರಿ?" ಎಂದಳು ಶಶಿಕಲಾ. ಎರಡು ದಿನ ಬೇಕೆಂದೇ ಒರಳಿನಲ್ಲಿ ಧಡಧಡ ಸದ್ದು ಮಾಡಿ ಚಟ್ನಿ ರುಬ್ಬಿದಳು. ಮೂರನೆಯ ದಿನ ತಾನೇ, "ಮದಲ ಅಕ್ಕನ್ನ ಕರಕೊಂಡ ಹೋಗ್ರಿ. ನನ್ನ ಆಮ್ಯಾಲ ನೋಡೋಣಂತ" ಅಂದಳು.

ಕಾರ್ಡು ನಡೆಯುವ ಮಷೀನು ನನಗೆ ತಿಳಿದಂತೆ ಆಗ ಆ ಒಂದು ಪಂಪಿನಲ್ಲಿ ಮಾತ್ರ ಇತ್ತು. ಲಾರಿ ಮಾಲೀಕರೆಲ್ಲ ನನ್ನ ಗಿರಾಕಿಗಳು. ಅವರ ಡೀಸೆಲ್ಲಿಗೆ ನನ್ನ ಕಾರ್ಡು, ಅವರ ರೊಕ್ಕ ನನ್ನ ಕೈಗೆ. ತಿಂಗಳ ಕೊನೆಗೆ ಅಷ್ಟನ್ನೂ ಬ್ಯಾಂಕಿಗೆ ಒಪ್ಪಿಸುತ್ತಿದ್ದೆ. ಬೆಳಿಗ್ಗೆ ಪಂಪಿನ ಮುಂದೆ ನಿಂತು, ಮದುವೆಯ ಮನೆಯವರ ಹಾಗೆ ಲಾರಿಗಳನ್ನು ಕೈ ಮಾಡಿ ಕರೆಯುತ್ತಿದ್ದೆ.

"ಏ ರೇವಣ್ಣ," ಇಸ್ಮಾಯಿಲ್ ಭಾಯಿ ಕೇಳುತ್ತಿದ್ದ, "ನಿಮ್ಮದಿರೋದು ಒಂದು ಮೊಪೆಡ್. ಅದು ದಿನಾ ಎರಡನೂರ ಲೀಟರ್ ಡೀಸೆಲ್ ಕುಡಿತದೇನ್ರಿ?"

"ವಿಮಾನಕ್ಕ ಹಾಕಾಕತ್ತೀನ್ರಿ ಭಾಯಿ."

"ಹಾಕ್ರಿ, ಹಾಕ್ರಿ. ಏರೋಮುಂದ ಗಾಲ್ಯಾಗ ಹವಾ ನೋಡ್ಕೊಳ್ರಿ. ಮ್ಯಾಲ ಪಂಚರ್ ಅಂಗಡಿ ಇಲ್ಲ!"

ಹೀಗೆ ನಾಲ್ಕು ವರ್ಷ. ಬ್ಯಾಂಕಿನ ಕಾಗದ ಬಂದರೆ ನಾನು ಓದುತ್ತಿದ್ದದ್ದು ಕೊನೆಯ ಸಾಲು ಮಾತ್ರ, ಪಾಯಿಂಟಿನ ಸಾಲು. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ. ಟಿಕೀಟು ಕೈಯಲ್ಲಿ ಹಿಡಿದೇ ಅವಳ ಅಂಗಳಕ್ಕೆ ಹೋಗಬೇಕು ಎಂಬುದು ನನ್ನ ಹಟ.

ಕೊನೆಗೊಂದು ತಿಂಗಳು ಆ ಸಾಲಿನಲ್ಲಿ ನಲವತ್ತು ಸಾವಿರದ ಹನ್ನೆರಡು ಎಂದು ಬಂತು. ಬ್ಯಾಂಕಿಗೆ ಫೋನು ಹಚ್ಚಿದೆ. ಆ ಕಡೆ ಒಂದು ಹುಡುಗಿಯ ಧ್ವನಿ. ಮಾತು ನಡೆದದ್ದು ನಮ್ಮ ದಖನಿ ಹಿಂದಿಯಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಟಿಕೀಟು ಮಾಡಿಬಿಡಲೇ ಸರ್?"

"ಮಾಡಿದರೆ ಎಷ್ಟು ಉಳಿಯುತ್ತದೆ ತಾಯಿ?"

"ಹನ್ನೆರಡು, ಸರ್."

ಹನ್ನೆರಡು! ಹನ್ನೆರಡು ಕಾಳಿಗೆ ಹಿಡಿ ತುಂಬುತ್ತದೆಯೇ? ಕಣಜದ ಕತ್ತಲು, ಬೇವಿನ ವಾಸನೆ, ಮೇಲಿನಿಂದ ಅಕ್ಕನ ಧ್ವನಿ. ಅವಳನ್ನು ಕರೆದೊಯ್ಯುವ ಕಣಜವನ್ನೇ ತಳ ಬಳಿದು ಬರಿದು ಮಾಡಲು ನನ್ನ ನಾಲಿಗೆ ಏಳಲಿಲ್ಲ. "ಈಗ ಬೇಡ ತಾಯಿ, ಇನ್ನಷ್ಟು ಕೂಡಲಿ" ಎಂದು ಫೋನು ಇಟ್ಟೆ. ಒಂದು ಸಾವಿರ ಇದ್ದರೆ ಹಿಡಿ ಎನ್ನಬಹುದು ಎಂದು ನಾನೇ ಅಳತೆ ಮಾಡಿಕೊಂಡೆ. ಹೆಚ್ಚೆಂದರೆ ಒಂದು ತಿಂಗಳ ಮಾತು.

ಆದರೆ ಅದೇ ತಿಂಗಳು ಬ್ಯಾಂಕಿನಿಂದ ಕಾಗದ ಬಂತು: ಇನ್ನು ಮುಂದೆ ಡೀಸೆಲ್, ಪೆಟ್ರೋಲಿಗೆ ಪಾಯಿಂಟು ಇಲ್ಲ. ಪಂಪು ಹೋಯಿತು. ಇನ್ನು ಕಾರ್ಡಿಗೆ ಉಳಿದದ್ದು ಹೈದರಾಬಾದಿಗೆ ಹೋದಾಗ ತರುವ ಟ್ಯೂಬು, ಪ್ಯಾಚು, ಅಲ್ಲೊಂದು ಸೀರೆ, ಇಲ್ಲೊಂದು ಪಾತ್ರೆ. ಒಂದು ಹಿಡಿ ಕೂಡಲು ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳು ನಾನು ದುಬಲಗುಂಡಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತರೆ ಎಷ್ಟು ಹೊತ್ತಿನ ದಾರಿ? ಆದರೂ ಹೋಗಲಿಲ್ಲ. ಅಕ್ಕನ ಮುಖ ಕಂಡರೆ ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ನನಗೇ ಗೊತ್ತು. ಅವಳೇ ಊರಿನ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡುತ್ತಿದ್ದಳು.

"ಯಾಕ ಬರವಲ್ಲಿ ರೇವ್ಯಾ?"

"ಕೆಲಸ ಭಾಳ ಅದ ಅಕ್ಕಾ. ಬರ್ತೀನಿ, ಬಂದಾಗ ಸುಮ್ಮ ಬರಂಗಿಲ್ಲ ನೋಡು."

"ಬರಿಗೈಲೇ ಬಾ ಮಾರಾಯಾ, ಬಂದ್ರ ಸಾಕು." ಒಮ್ಮೆ ಅಂದಳು: "ಈ ಸಲ ನಮ್ಮ ಕಡಿ ಮಂಜ ಭಾಳ ಬೀಳಾಕತ್ತದ. ಮುಂಜಾನಿ ಏನೂ ಕಾಣಂಗಿಲ್ಲ."

"ಇಲ್ಲಿ ಬಿಸಲ ಹೊಡ್ಯಾಕತ್ತದಲ್ಲ ಅಕ್ಕಾ!"

"ಹೌದಾ?" ಎಂದು ಕುರಿಯ ಮಾತು ತೆಗೆದಳು. ನಾನೂ ಆ ಮಾತಿಗೇ ಹೊರಳಿದೆ. ಅಷ್ಟು ಹತ್ತಿರದ ಎರಡು ಊರಿಗೆ ಬೇರೆ ಬೇರೆ ಮಂಜು ಹೇಗೆ ಬೀಳುತ್ತದೆ ಎಂದು ಏಳನೇ ಇಯತ್ತೆ ಅರ್ಧ ಓದಿದವನಿಗೂ ಹೊಳೆಯಬೇಕಿತ್ತು.

ನಲವತ್ತೊಂದು ಸಾವಿರ ದಾಟಿದ ದಿನವೇ ಟಿಕೀಟು ಮಾಡಿಸಿದೆ. ಹೊಸ ಅಂಗಿ ಹಾಕಿಕೊಂಡು, ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ದುಬಲಗುಂಡಿಯ ಬಸ್ಸು ಹತ್ತಿದೆ. ಅಕ್ಕ ಅಂಗಳದಲ್ಲಿ ಮೊರದ ಮುಂದೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಣ್ಣು ಎಲ್ಲೋ ಬೇಲಿಯ ಕಡೆ, ಬೆರಳು ಮಾತ್ರ ಬೇಳೆಯಲ್ಲಿ ಓಡಾಡುತ್ತಿದ್ದವು. ನಾನು ಎರಡು ಮಾರು ದೂರದಲ್ಲಿ ನಿಂತೆ.

"ಯಾರು?"

"ನಾ ಅಕ್ಕಾ."

"ರೇವ್ಯಾ! ಬಾ ಬಾ. ಹೊತ್ತ ಮುಳಗೋಮುಂದ ಬಂದೇನು, ಉಳಕೋತಿ ಹೌದಿಲ್ಲ?"

ನಡು ಮಧ್ಯಾಹ್ನ. ನನ್ನ ನೆರಳು ನನ್ನ ಕಾಲ ಕೆಳಗೇ ಇತ್ತು.

"ಮೋತಿಬಿಂದು ಅನಸ್ತದ," ಭಾವ ಅಳುಕುತ್ತ ಹೇಳಿದ. "ತೊಗರಿ ರಾಶಿ ಆಗಲಿ, ಆಮ್ಯಾಲ ಆಪರೇಶನ್ ಮಾಡಸೋಣ ಅಂತ ಆಕೀನೇ ಅಂದಳು. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ದಳು. ಅವ ಕೆಲಸದಾಗ ಇದ್ದಾನ, ಬಿಟ್ಟ ಓಡಿ ಬರ್ತಾನ ಅಂತ."

ಮರುದಿನವೇ ಸೊಲ್ಲಾಪುರಕ್ಕೆ ಕರೆದೊಯ್ದೆ. ಅಲ್ಲಿನ ವಯಸ್ಸಾದ ಡಾಕ್ಟರು ಬಹಳ ಹೊತ್ತು ನೋಡಿ, ಇದು ಮೋತಿಬಿಂದು ಅಲ್ಲ, ಕಾಚಬಿಂದು ಎಂದರು. ಮೋತಿಬಿಂದುವಾದರೆ ಪೊರೆ ತೆಗೆದರೆ ಕಾಣುತ್ತದೆ. ಇದು ಕಣ್ಣಿನೊಳಗಿನ ಒತ್ತಡ, ಒಯ್ದದ್ದನ್ನು ಮರಳಿ ಕೊಡುವುದಿಲ್ಲ. ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದರಲ್ಲಿ ಬೆಳಕು ಕತ್ತಲಿನ ಗುರುತು ಮಾತ್ರ ಉಳಿದಿದೆ. "ಆರೇಳು ತಿಂಗಳ ಹಿಂದೆ ತಂದಿದ್ದರೆ ಒಂದು ಕಣ್ಣನ್ನಾದರೂ ಉಳಿಸಬಹುದಿತ್ತು" ಎಂದರು. ಮರಾಠಿಯಲ್ಲಿ, ಮೆತ್ತಗೆ, ನನಗೆ ಮಾತ್ರ ಕೇಳುವ ಹಾಗೆ.

ವಾಪಸು ಬರುವ ಬಸ್ಸಿನಲ್ಲಿ ಟಿಕೀಟಿನ ಸುದ್ದಿ ಹೇಳಿದೆ. ನಾಲ್ಕು ವರ್ಷ ಎದೆಯಲ್ಲಿ ಬಚ್ಚಿಟ್ಟ ಮಾತು, ಹೊರಗೆ ಬಂದಾಗ ತಪ್ಪು ಒಪ್ಪಿಕೊಂಡ ಹಾಗಿತ್ತು. ಆ ಎಂಟು ತಿಂಗಳನ್ನು ಮಾತ್ರ ನುಂಗಿಕೊಂಡೆ. "ರದ್ದ ಮಾಡಸ್ತೀನಿ ಅಕ್ಕಾ" ಅಂದೆ.

"ಯಾಕ?" ಅಂದಳು. "ನನ್ನ ಕಣ್ಣ ಹೋಗ್ಯಾವ. ನಾ ಎಲ್ಲಿ ಹೋಗೀನಿ?"

ಹೋದೆವು. ಅಕ್ಕ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಗಂಟು ಹಿಡಿದು ಬಂದಳು. ವಿಮಾನದಲ್ಲಿ ಪಟ್ಟಿ ಕಟ್ಟಿದಾಗ "ಎತ್ತಿಗೆ ಕಟ್ಟಿದಂಗ ಕಟ್ಟಿದ್ರಲ್ಲೋ" ಎಂದು ನಕ್ಕಳು. ಅದು ಓಡಿ ನೆಲ ಬಿಟ್ಟಾಗ ನನ್ನ ಮುಂಗೈ ಹಿಡಿದಳು. ಸಣ್ಣವನಿದ್ದಾಗ ಕಣಜಕ್ಕೆ ಇಳಿಸುವಾಗ ಹಿಡಿಯುತ್ತಿದ್ದ ಹಾಗೇ ಬಿಗಿಯಾಗಿ. ಆಮೇಲೆ ಕಿಟಕಿಯ ಗಾಜಿಗೆ ಗಲ್ಲ ಹಚ್ಚಿದಳು.

"ಬೆಳಕ ಭಾಳ ಅದ," ಅಂದಳು. "ಹುಮನಾಬಾದ ಬಂದ್ರ ಹೇಳು."

ನಾನು ಅವಳ ಭುಜದ ಮೇಲಿನಿಂದ ಬಗ್ಗಿ ನೋಡಿದೆ. ಕೆಳಗೆ ಬರೀ ತುಂಡು ತುಂಡು ನೆಲ, ಕಂದು, ಹಸಿರು, ಮತ್ತೆ ಕಂದು. ಹೆದ್ದಾರಿಯ ಪ್ರತಿಯೊಂದು ತಗ್ಗನ್ನು ಬಲ್ಲೆ ಎನ್ನುವ ನನಗೆ ಮೇಲಿನಿಂದ ನಮ್ಮ ಊರಿನ ಗುರುತೇ ಹತ್ತಲಿಲ್ಲ. ದಾರದಂಥ ಒಂದು ಗೆರೆ ಕಂಡಿತು. ಅದೇ ರಸ್ತೆ ಇರಬೇಕು ಎಂದುಕೊಂಡೆ.

"ಬಂತ ಅಕ್ಕಾ. ಅಕೋ ರೋಡು. ಮನ್ನಾಏಖೇಳ್ಳಿ ಹಿಂದ ಹೋತು. ಇದು ಹುಮನಾಬಾದ. ನನ್ನ ಅಂಗಡಿ ತಗಡು ಹೊಳ್ಯಾಕತ್ತದ."

"ದುಬಲಗುಂಡಿ?"

"ಅದೂ ಕಾಣಸ್ತದ. ನಿಮ್ಮ ಹೊಲ ಅಂಗೈಯಷ್ಟ ಅದ. ಬಾವಿ, ಕುರಿ ಹಟ್ಟಿ. ಬದುವಿನ ಮ್ಯಾಲಿನ ಬೇವಿನ ಗಿಡ ಕರ್ರಗ ಚುಕ್ಕಿಯಂಗ ಕಾಣಸ್ತದ."

ಅಕ್ಕ ಗಾಜಿನಿಂದ ಗಲ್ಲ ತೆಗೆಯದೆಯೇ, "ಸುಳ್ಳ ಯಾಕ ಹೇಳ್ತಿ ರೇವ್ಯಾ? ಆ ಬೇವಿನ ಗಿಡ ಗಾಳಿಗೆ ಬಿದ್ದು ಎರಡ ವರ್ಷ ಆತು. ಹೊಲದ ಕಡಿ ಬಂದಿದ್ರ ನಿನಗ ಗೊತ್ತಾಗತಿತ್ತು" ಅಂದಳು.

ನನಗೆ ಕಿಟಕಿಯಿಂದ ಹಾರಿಕೊಳ್ಳಬೇಕೆನಿಸಿತು. ಅವಳೇ ನನ್ನ ಮೊಣಕೈ ತಿವಿದಳು.

"ಇರಲಿ, ಹೇಳು. ಗಿಡ ಇಟ್ಟೇ ಹೇಳು. ನೆಳ್ಳ ಛಲೋ ಇತ್ತದು."

ಹೇಳಿದೆ. ಗಿಡ ಹೇಳಿದೆ, ಅದರ ಕೆಳಗೆ ಕೂತು ಬುತ್ತಿ ಬಿಚ್ಚುವ ಭಾವನನ್ನು ಹೇಳಿದೆ, ಆ ಕಡೆ ಬಸವಕಲ್ಯಾಣದ ಕೋಟೆ, ಹಿಂದಿನ ಓಣಿ, ಮಾಳಿಗೆ, ಮಾಳಿಗೆಯ ಮೇಲೆ ಹಪ್ಪಳ. ಗಗನಸಖಿ ಚಹ ತಂದಾಗಲೂ ನಾನು ನಿಲ್ಲಿಸಲಿಲ್ಲ. ಅಕ್ಕ "ಹ್ಞೂಂ, ಹ್ಞೂಂ" ಎನ್ನುತ್ತ ಗಾಜಿಗೆ ಇನ್ನೂ ಸ್ವಲ್ಪ ಒತ್ತಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

"ನಾಕ ವರ್ಷ ಕೂಡಸಿದ್ದು ಅಂದಿ. ಎಲ್ಲಾ ಬಳದು ತಗದೇನು?"

"ಇಲ್ಲ ಅಕ್ಕಾ. ತಳಕ್ಕ ಒಂದ ಹಿಡಿ ಬಿಟ್ಟೀನಿ."

"ಶಾಣ್ಯಾ ಆಗೀದಿ," ಎಂದು ನನ್ನ ಗಲ್ಲ ಹುಡುಕಿ ಸವರಿದಳು.

ಬಹಳ ಬೈಗುಳ ತಿಂದವನು ನಾನು. ಮಾಲೀಕರ ಬೈಗುಳ, ಡ್ರೈವರುಗಳ ಬೈಗುಳ. ಯಾವುದೂ ಆ ಒಂದು ಹೊಗಳಿಕೆಯಷ್ಟು ಒಳಗೆ ಇಳಿದಿಲ್ಲ.

ಬ್ಯಾಂಕಿನವರು ಆಮೇಲೆ ಹೊಸ ಕಾರ್ಡು ಕಳಿಸುತ್ತೇವೆ ಎಂದರು, ಒಲ್ಲೆ ಎಂದೆ. ಆ ಸಾವಿರ ಪಾಯಿಂಟು ಏನಾದವೋ ನಾನು ಕೇಳಲಿಲ್ಲ.

ಅಕ್ಕ ಈಗ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ನಮ್ಮಲ್ಲಿ ಇರುತ್ತಾಳೆ. ಅಂಗಡಿಯ ಮುಂದೆ ಹಳೆಯ ಟಾಯರಿನ ಮೇಲೆ ಗೋಣಿಚೀಲ ಹಾಸಿ ಕೂರುತ್ತಾಳೆ. ಮೇಲೆ ಗುಂಯ್ ಎಂದರೆ ಮುಖ ಎತ್ತುತ್ತಾಳೆ, ಅಂಗೈ ತಾನಾಗಿ ಹಣೆಗೆ ಹೋಗುತ್ತದೆ. "ಇದು ಸುತ್ತ ಹೊಡ್ಯೂದು," ಎಂದು ಪಕ್ಕದಲ್ಲಿ ಕೂತ ಗಿರಾಕಿಗೆ ಹೇಳುತ್ತಾಳೆ. "ನಾವು ಕುಂತದ್ದರ ಸಪ್ಪಳ ಬ್ಯಾರೆ."

ಇವತ್ತು ಬೆಳಿಗ್ಗೆ ನಾನು ಸಲೂಷನ್ ಡಬ್ಬಿಗೆ ಕಾರ್ಡು ಹಾಕಿ ತಿರುವುತ್ತಿದ್ದೆ. ತಗಡಿಗೆ ತಾಗಿ ಕರಕರ ಎಂದಿತು.

"ಏನ ಬಳ್ಯಾಕತ್ತೀದಿ ರೇವ್ಯಾ?"

"ಸಲೂಷನ್ ಅಕ್ಕಾ. ಹೆಚ್ಚಾಗ್ಯಾದ."

"ಹಂಗಾರ ತಳಕ್ಕ ಒಂಚೂರ ಬಿಡು."

"ಹ್ಞೂಂ ಅಕ್ಕಾ, ಬಿಟ್ಟೀನಿ" ಅಂದೆ. ಅಂದು, ಅವಳಿಗೆ ಕೇಳದ ಹಾಗೆ, ಮೆತ್ತಗೆ, ತಗಡು ಬೆಳ್ಳಗೆ ಕಾಣುವ ತನಕ ಬಳಿದು ತೆಗೆದೆ.